ಅನಿಲಕ್ಕೂ ದ್ರವಕ್ಕೂ ನಡುವಿನ ಗೆರೆ ಅಳಿಸಿದ ಮೇಷ್ಟ್ರು

ಪಿಯುಸಿಯಲ್ಲೋ ಡಿಪ್ಲೊಮಾದಲ್ಲೋ ಕೆಮಿಸ್ಟ್ರಿ ಓದಿದ ಎಲ್ಲರಿಗೂ ಈ ಹೆಸರು ಗೊತ್ತಿರುತ್ತೆ. ಐಡಿಯಲ್ ಗ್ಯಾಸ್ ಸಮೀಕರಣ ಮುಗಿದ ಮೇಲೆ ಬರುವ ಇನ್ನೊಂದು ಉದ್ದನೆಯ ಸಮೀಕರಣ, ಅದರಲ್ಲಿ ‘ಎ’ ಮತ್ತು ‘ಬಿ’ ಅಂತ ಎರಡು ಸ್ಥಿರಾಂಕ. ಬಾಯಿಪಾಠ ಮಾಡಿ ಬರೆದು ಬಂದರೆ ಮಾರ್ಕು ಗ್ಯಾರಂಟಿ. ನಾನಂತೂ ಎಷ್ಟೋ ದಿನ ವಾಂಡರ್ ಬೇರೆ, ವಾಲ್ಸ್ ಬೇರೆ, ಇಬ್ಬರು ಸೇರಿ ಕಂಡುಹಿಡಿದದ್ದು ಅಂದುಕೊಂಡಿದ್ದೆ. ಒಬ್ಬರೇ ಅಂತ ಗೊತ್ತಾದ ಮೇಲೂ ಆ ಮನುಷ್ಯ ಯಾರು, ಎಲ್ಲಿಯವರು ಅಂತ ಕೇಳುವ ಕುತೂಹಲ ಬರಲಿಲ್ಲ.

ಕುತೂಹಲ ಬಂದದ್ದು ಈ ವರ್ಷ. ನಮ್ಮ ಮಿನಿ ಪ್ರಾಜೆಕ್ಟಿಗೆ ಫುಲ್ಲರೀನ್ ಅಣುಗಳನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಟ್ ಮಾಡುವ ವಿಷಯ ಸಿಕ್ಕಿತು. ಅರವತ್ತು ಕಾರ್ಬನ್ ಪರಮಾಣು ಸೇರಿ ಫುಟ್‌ಬಾಲಿನ ಆಕಾರದಲ್ಲಿ ಕೂತಿರುವ ಅಣು, ಸಿ-60. ಇದನ್ನು ಕಾಯಿಸಿದರೆ ಘನದಿಂದ ದ್ರವ ಆಗುತ್ತಾ, ಇಲ್ಲಾ ಕರ್ಪೂರದ ಥರ ನೇರ ಆವಿ ಆಗಿಬಿಡುತ್ತಾ ಅನ್ನುವುದು ಪ್ರಶ್ನೆ. ಓದಿದ ಪ್ರತಿ ಪೇಪರಿನಲ್ಲೂ ವಾಂಡರ್ ವಾಲ್ಸ್ ಹೆಸರು. ಹುಡುಕಿಕೊಂಡು ಹೋದೆ. ಸಿಕ್ಕಿದ್ದು ಸಮೀಕರಣಕ್ಕಿಂತ ದೊಡ್ಡ ಕಥೆ.

ಯೋಹಾನೆಸ್ ಡಿಡೆರಿಕ್ ವಾಂಡರ್ ವಾಲ್ಸ್ ಹುಟ್ಟಿದ್ದು 1837ರ ನವೆಂಬರ್ 23ರಂದು, ನೆದರ್ಲೆಂಡ್ಸ್ ದೇಶದ ಲೈಡನ್ ಊರಿನಲ್ಲಿ. ಅಪ್ಪ ಬಡಗಿ. ಹತ್ತು ಮಕ್ಕಳ ಮನೆ, ಇವರೇ ಹಿರಿಯ. ಲೈಡನ್ ಅಂದರೆ ಯುರೋಪಿನ ಹಳೆಯ, ಹೆಸರಾಂತ ವಿಶ್ವವಿದ್ಯಾಲಯ ಇರುವ ಊರು. ಊರಲ್ಲೇ ಯೂನಿವರ್ಸಿಟಿ ಇದ್ದರೂ ಬಡಗಿಯ ಮಗನಿಗೆ ಅದರ ಬಾಗಿಲು ಮುಚ್ಚಿತ್ತು. ಕಾರಣ ದುಡ್ಡೊಂದೇ ಅಲ್ಲ. ಆ ಕಾಲಕ್ಕೆ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯಬೇಕಾದರೆ ಲ್ಯಾಟಿನ್ ಮತ್ತು ಗ್ರೀಕ್ ಕಲಿತಿರಲೇಬೇಕು. ಅವನ್ನು ಕಲಿಸುವ ಶಾಲೆಗಳು ಉಳ್ಳವರ ಮಕ್ಕಳಿಗೆ. ಕೂಲಿ ಮಾಡುವವರ ಮಕ್ಕಳಿಗೆ ಇದ್ದದ್ದು ಪ್ರಾಥಮಿಕ ಶಾಲೆ, ಅದರ ಮೇಲೆ ಇನ್ನೊಂದಿಷ್ಟು. ಹದಿನೈದನೇ ವಯಸ್ಸಿಗೆ ಇವರ ಓದು ಮುಗಿಯಿತು. ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರ ಕೈಕೆಳಗೆ ಸಹಾಯಕನಾಗಿ ಸೇರಿಕೊಂಡರು.

ಮುಂದಿನ ಹತ್ತು ವರ್ಷದ ಕಥೆ ನಮ್ಮಲ್ಲಿ ಟಿಸಿಎಚ್ ಮಾಡಿ, ಆಮೇಲೆ ಕರೆಸ್ಪಾಂಡೆನ್ಸಿನಲ್ಲಿ ಡಿಗ್ರಿ ಮಾಡಿದ ಹಳೆಯ ತಲೆಮಾರಿನ ಮೇಷ್ಟ್ರುಗಳ ಕಥೆಯ ಹಾಗೇ ಇದೆ. ಹಗಲು ಪಾಠ ಹೇಳುವುದು, ಉಳಿದ ಹೊತ್ತಿನಲ್ಲಿ ಓದುವುದು, ಒಂದೊಂದೇ ಪರೀಕ್ಷೆ ಪಾಸು ಮಾಡುವುದು. ಪ್ರಾಥಮಿಕ ಶಾಲೆಯ ಶಿಕ್ಷಕರಾದರು, ಮುಖ್ಯೋಪಾಧ್ಯಾಯರಾದರು. 1862ರಿಂದ ಲೈಡನ್ ವಿಶ್ವವಿದ್ಯಾಲಯಕ್ಕೆ ಗಣಿತ, ಭೌತಶಾಸ್ತ್ರ, ಖಗೋಳಶಾಸ್ತ್ರದ ಪಾಠ ಕೇಳಲು ಹೋಗತೊಡಗಿದರು. ಹೊರಗಿನವರು ವರ್ಷಕ್ಕೆ ನಾಲ್ಕು ವಿಷಯದವರೆಗೆ ಕೂತು ಕೇಳಬಹುದು ಅನ್ನುವ ಒಂದು ಅವಕಾಶ ಅಲ್ಲಿತ್ತು. ಕೇಳಬಹುದು ಅಷ್ಟೇ, ಡಿಗ್ರಿ ಪರೀಕ್ಷೆಗೆ ಕೂರುವ ಹಾಗಿಲ್ಲ.

ನಾನೂ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಮೂರನೇ ಸೆಮಿಸ್ಟರಿಗೆ ಬಂದವನು. ಬ್ರಿಡ್ಜ್ ಕೋರ್ಸಿನ ಗಣಿತಕ್ಕೆ ಬೇರೆ ಕೂತು, ಉಳಿದವರೆಲ್ಲ ಆಗಲೇ ಒಂದು ವರ್ಷ ಹಳಬರಾಗಿರುವ ಕ್ಲಾಸಿನ ಕೊನೆ ಬೆಂಚಿನಲ್ಲಿ ಕೂತ ನನಗೆ ಈ ಭಾಗ ಓದುವಾಗ ಸ್ವಲ್ಪ ಹೊತ್ತು ಮುಂದಿನ ಪುಟ ತಿರುಗಿಸಲಾಗಲಿಲ್ಲ. ಹೋಲಿಕೆ ಅಲ್ಲ, ಖಂಡಿತ ಅಲ್ಲ. ನನಗೆ ಬಾಗಿಲು ತೆರೆದೇ ಇತ್ತು, ಅವರು ವರ್ಷಗಟ್ಟಲೆ ಬಾಗಿಲ ಹೊರಗೇ ನಿಂತು ಪಾಠ ಕೇಳಿದರು.

1863ರಲ್ಲಿ ಡಚ್ ಸರ್ಕಾರ ಮಧ್ಯಮವರ್ಗದ ಮಕ್ಕಳಿಗಾಗಿ ಹೊಸ ಬಗೆಯ ಪ್ರೌಢಶಾಲೆಗಳನ್ನು ತೆರೆಯಿತು. ಅಲ್ಲಿ ವಿಜ್ಞಾನಕ್ಕೆ ಮಹತ್ವ, ಲ್ಯಾಟಿನ್ ಗ್ರೀಕ್ ಇಲ್ಲ. ಅಂಥ ಶಾಲೆಯ ಮೇಷ್ಟ್ರಾಗಲು ವಾಂಡರ್ ವಾಲ್ಸ್ ಎರಡು ವರ್ಷ ಬಿಡುವಿನಲ್ಲಿ ಓದಿ ಪರೀಕ್ಷೆ ಕಟ್ಟಿದರು. 1865ರಲ್ಲಿ ಡೆವೆಂಟರ್ ಊರಿನ ಶಾಲೆಗೆ ಭೌತಶಾಸ್ತ್ರದ ಶಿಕ್ಷಕರಾಗಿ ನೇಮಕವಾಯಿತು. ಹೊರಡುವ ಮುಂಚೆ ಸೆಪ್ಟೆಂಬರಿನಲ್ಲಿ ಮದುವೆ. ಹೆಂಡತಿ ಆನ್ನಾ ಮ್ಯಾಗ್ಡಲೀನಾ ಸ್ಮಿಟ್‌ಗೆ ಆಗ ಹದಿನೆಂಟು. ಮರುವರ್ಷವೇ ಹೇಗ್ ನಗರಕ್ಕೆ ಬಂದರು. ಅಲ್ಲಿಂದ ಲೈಡನ್ ಹತ್ತಿರ, ಮತ್ತೆ ಪಾಠ ಕೇಳಲು ಹೋಗಬಹುದಿತ್ತು.

ಆಮೇಲೆ ಕಾನೂನು ಬದಲಾಯಿತು. ವಿಜ್ಞಾನ ಓದುವವರಿಗೆ ಲ್ಯಾಟಿನ್, ಗ್ರೀಕ್ ಬೇಕಿಲ್ಲ ಅನ್ನುವ ವಿನಾಯಿತಿ ಬಂತು. ಕಾಯುತ್ತಾ ಕೂತಿದ್ದವರಿಗೆ ಅಷ್ಟು ಸಾಕಾಯಿತು. ಪರೀಕ್ಷೆಗಳನ್ನು ಮುಗಿಸಿ, 1873ರ ಜೂನ್ 14ರಂದು ಲೈಡನ್ನಿನಲ್ಲಿ ಪ್ರೊಫೆಸರ್ ರೈಕೆ ಅವರ ಕೈಕೆಳಗೆ ಡಾಕ್ಟರೇಟ್ ಪ್ರಬಂಧ ಮಂಡಿಸಿದರು. ವಯಸ್ಸು ಮೂವತ್ತೈದು, ಹೈಸ್ಕೂಲ್ ಮೇಷ್ಟ್ರು, ಸಂಸಾರಸ್ಥ. ಪ್ರಬಂಧದ ವಿಷಯ ಅನಿಲ ಮತ್ತು ದ್ರವ ಸ್ಥಿತಿಗಳ ನಿರಂತರತೆ.

ಆ ಪ್ರಬಂಧದಲ್ಲಿ ಅಂಥದ್ದೇನಿತ್ತು? ಸ್ವಲ್ಪ ಹಿಂದಕ್ಕೆ ಹೋಗೋಣ. 1869ರಲ್ಲಿ ಬೆಲ್‌ಫಾಸ್ಟಿನ ಥಾಮಸ್ ಆಂಡ್ರ್ಯೂಸ್ ಗಾಜಿನ ಕೊಳವೆಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ಒತ್ತುತ್ತಾ ಹೋದಾಗಿನ ಫಲಿತಾಂಶಗಳನ್ನು ಪ್ರಕಟಿಸಿದ್ದರು. ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಒತ್ತಿದರೆ ಅನಿಲ ದ್ರವವಾಗುತ್ತದೆ, ಎರಡರ ನಡುವೆ ಸ್ಪಷ್ಟವಾದ ಮೇಲ್ಮೈ ಕಾಣುತ್ತದೆ. ಅದಕ್ಕಿಂತ ಮೇಲಿನ ಉಷ್ಣತೆಯಲ್ಲಿ ಎಷ್ಟೇ ಒತ್ತಿದರೂ ಮೇಲ್ಮೈ ಕಾಣುವುದೇ ಇಲ್ಲ. ಒಳಗಿರುವುದು ಅನಿಲವೋ ದ್ರವವೋ ಹೇಳಲಾಗುವುದಿಲ್ಲ. ಇದೇ ಕ್ರಿಟಿಕಲ್ ಪಾಯಿಂಟ್.

ಇದನ್ನು ಅರ್ಥ ಮಾಡಿಕೊಳ್ಳೋಕೆ ಗಾಜಿನ ಕೊಳವೆ ಬೇಡ, ಮನೆ ಮುಂದೆ ನಿಲ್ಲುವ ಆಟೊ ನೋಡಿ. ಎಲ್‌ಪಿಜಿ ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತೆ, ಯಾಕಂದರೆ ಅದರೊಳಗಿರುವ ಪ್ರೊಪೇನ್, ಬ್ಯೂಟೇನ್‌ಗಳ ಕ್ರಿಟಿಕಲ್ ಉಷ್ಣತೆ ನಮ್ಮ ಬೇಸಿಗೆಗಿಂತ ಎಷ್ಟೋ ಮೇಲಿದೆ. ಒತ್ತಿದರೆ ಸಾಕು, ದ್ರವ ಆಗುತ್ತವೆ. ಸಿಎನ್‌ಜಿಯ ಮೀಥೇನ್ ಹಾಗಲ್ಲ. ಅದರ ಕ್ರಿಟಿಕಲ್ ಉಷ್ಣತೆ ಸುಮಾರು ಮೈನಸ್ 83 ಡಿಗ್ರಿ. ನಮ್ಮೂರಿನ ಹವೆಯಲ್ಲಿ ಎಷ್ಟು ಒತ್ತಿದರೂ ದ್ರವ ಆಗಲ್ಲ. ಹಾಗಾಗಿ ಸಿಎನ್‌ಜಿ ಆಟೊಗೆ ದಪ್ಪ ಗೋಡೆಯ ಭಾರದ ಸಿಲಿಂಡರ್.

ಆಂಡ್ರ್ಯೂಸ್ ಹೀಗಾಗುತ್ತದೆ ಅಂತ ತೋರಿಸಿದ್ದರು. ಯಾಕೆ ಹೀಗೆ ಅಂತ ಹೇಳಿದ್ದು ವಾಂಡರ್ ವಾಲ್ಸ್. ಶಾಖ ಅಂದರೆ ಅಣುಗಳ ಚಲನೆ ಅಂತ ಕ್ಲಾಸಿಯಸ್ ಬರೆದದ್ದನ್ನು ಓದಿ ಅವರ ತಲೆಯಲ್ಲಿ ಒಂದು ವಿಚಾರ ಕೂತುಬಿಟ್ಟಿತ್ತು. ಅನಿಲದಲ್ಲಿರುವುದೂ ಅದೇ ಅಣು, ದ್ರವದಲ್ಲಿರುವುದೂ ಅದೇ ಅಣು. ಹಾಗಿದ್ದ ಮೇಲೆ ಎರಡಕ್ಕೂ ಬೇರೆ ಬೇರೆ ನಿಯಮ ಯಾಕೆ? ಒಂದೇ ಸಮೀಕರಣ ಸಾಕಾಗಬೇಕಲ್ಲವೇ? ಐಡಿಯಲ್ ಗ್ಯಾಸ್ ಸಮೀಕರಣ ಎರಡು ಸುಳ್ಳು ಹೇಳುತ್ತದೆ. ಅಣುಗಳಿಗೆ ಗಾತ್ರ ಇಲ್ಲ ಅನ್ನುವುದು ಒಂದು, ಅಣುಗಳು ಒಂದನ್ನೊಂದು ಸೆಳೆಯುವುದಿಲ್ಲ ಅನ್ನುವುದು ಇನ್ನೊಂದು. ಎರಡನ್ನೂ ತಿದ್ದಿದರು. ಅಣುಗಳು ಜಾಗ ತಿನ್ನುವುದಕ್ಕೆ ಗಾತ್ರದಲ್ಲಿ ‘ಬಿ’ ಕಳೆದರು. ಅಣುಗಳು ಪರಸ್ಪರ ಸೆಳೆಯುವುದಕ್ಕೆ ಒತ್ತಡದ ಜೊತೆ, ‘ಎ’ಯನ್ನು ಗಾತ್ರದ ವರ್ಗದಿಂದ ಭಾಗಿಸಿ ಕೂಡಿಸಿದರು. ಅಷ್ಟೇ ತಿದ್ದುಪಡಿ. ಅಷ್ಟರಿಂದಲೇ ಅನಿಲ, ದ್ರವ, ಕ್ರಿಟಿಕಲ್ ಪಾಯಿಂಟ್ ಮೂರೂ ಒಂದೇ ವಕ್ರರೇಖೆಯ ಮೇಲೆ ಬಂದು ಕೂತವು. ಕಾರ್ಬನ್ ಡೈಆಕ್ಸೈಡಿಗೆ ಅವರು ಲೆಕ್ಕ ಹಾಕಿದ ಕ್ರಿಟಿಕಲ್ ಉಷ್ಣತೆ ಆಂಡ್ರ್ಯೂಸ್ ಅಳೆದದ್ದಕ್ಕೆ ತೀರ ಹತ್ತಿರ ಇತ್ತು.

ಇದು 1873 ಅನ್ನುವುದನ್ನು ಮರೆಯಬೇಡಿ. ಅಣುಗಳು ನಿಜವಾಗಿ ಇವೆಯೋ, ಲೆಕ್ಕದ ಅನುಕೂಲಕ್ಕೆ ಕಟ್ಟಿಕೊಂಡ ಕಲ್ಪನೆಯೋ ಅನ್ನುವ ಜಗಳ ಇನ್ನೂ ಮುಗಿದಿರಲಿಲ್ಲ. ಅದಾಗಿ ಮೂವತ್ತು ವರ್ಷದ ಮೇಲೂ ಮಾಖ್, ಓಸ್ಟ್‌ವಾಲ್ಡ್‌ರಂಥ ದೊಡ್ಡವರು ಅಣುಗಳನ್ನು ಒಪ್ಪಿರಲಿಲ್ಲ. ವಾಂಡರ್ ವಾಲ್ಸ್‌ಗೆ ಮಾತ್ರ ಮೊದಲಿನಿಂದ ಅನುಮಾನವೇ ಇರಲಿಲ್ಲ. ಅಣು ಇದೆ, ಅದಕ್ಕೆ ಗಾತ್ರ ಇದೆ, ಆ ಗಾತ್ರವನ್ನು ಲೆಕ್ಕ ಹಾಕಬಹುದು ಅಂತಲೇ ಹೊರಟರು.

ಪ್ರಬಂಧ ಬರೆದಿದ್ದು ಡಚ್ ಭಾಷೆಯಲ್ಲಿ. ದೊಡ್ಡ ವಿಜ್ಞಾನಿಗಳು ಓದುವ ಭಾಷೆ ಅದಲ್ಲ. ಆದರೂ ಮರುವರ್ಷವೇ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ನೇಚರ್ ಪತ್ರಿಕೆಯಲ್ಲಿ ಅದರ ವಿಮರ್ಶೆ ಬರೆದರು. ಕೆಲವು ಹೆಜ್ಜೆಗಳು ಸರಿಯಿಲ್ಲ ಅಂತ ತಕರಾರು ತೆಗೆದರು, ಆದರೆ ಈ ಹೊಸಬನ ಹೆಸರು ಬೇಗನೇ ಅಣುವಿಜ್ಞಾನದ ಮೊದಲ ಸಾಲಿನಲ್ಲಿರುತ್ತದೆ ಅಂತಲೂ ಬರೆದರು. ಈ ಪ್ರಬಂಧ ಓದಲಿಕ್ಕೆಂದೇ ಒಂದಿಬ್ಬರು ಡಚ್ ಕಲಿಯಲು ಹೊರಟಿದ್ದಾರೆ ಅನ್ನುವ ಅರ್ಥದ ಮಾತೂ ಅದರಲ್ಲಿತ್ತು. ಲ್ಯಾಟಿನ್ ಬರದ ಕಾರಣಕ್ಕೆ ಹೊರಗೆ ನಿಂತಿದ್ದವರ ಭಾಷೆಯನ್ನು ಬೇರೆಯವರು ಕಲಿಯುವ ಹಾಗಾಯಿತು. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಬರೆಯುವಾಗ ಒಳಗೊಳಗೇ ಖುಷಿ ಆಗುತ್ತೆ, ಸುಳ್ಳು ಯಾಕೆ ಹೇಳಲಿ.

1877ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹಳೆಯ ವಿದ್ಯಾಸಂಸ್ಥೆ ವಿಶ್ವವಿದ್ಯಾಲಯವಾಯಿತು. ಅದರ ಮೊದಲ ಭೌತಶಾಸ್ತ್ರ ಪ್ರೊಫೆಸರ್ ಆಗಿ ವಾಂಡರ್ ವಾಲ್ಸ್ ಹೋದರು, ನಿವೃತ್ತಿಯ ತನಕ ಅಲ್ಲೇ ಇದ್ದರು. ರಸಾಯನಶಾಸ್ತ್ರದ ವಾಂಟ್ ಹಾಫ್, ಸಸ್ಯಶಾಸ್ತ್ರದ ಹ್ಯೂಗೊ ಡಿ ವ್ರೀಸ್ ಅಲ್ಲಿ ಸಹೋದ್ಯೋಗಿಗಳು.

1880ರಲ್ಲಿ ಬಂದದ್ದು ಅವರ ಎರಡನೇ ದೊಡ್ಡ ಕೆಲಸ, ಅನುರೂಪ ಸ್ಥಿತಿಗಳ ನಿಯಮ. ನನ್ನ ಮಟ್ಟಿಗೆ ಸಮೀಕರಣಕ್ಕಿಂತ ಇದೇ ಹೆಚ್ಚು ಚಂದ. ಒತ್ತಡ, ಗಾತ್ರ, ಉಷ್ಣತೆಗಳನ್ನು ಪ್ಯಾಸ್ಕಲ್, ಲೀಟರ್, ಕೆಲ್ವಿನ್ ಅಂತ ಅಳೆಯುವ ಬದಲು, ಪ್ರತಿ ವಸ್ತುವಿನ ಕ್ರಿಟಿಕಲ್ ಬೆಲೆಯ ಎಷ್ಟು ಪಾಲು ಅಂತ ಅಳೆಯಿರಿ. ಆಗ ಸಮೀಕರಣದಿಂದ ‘ಎ’ಯೂ ಹೋಗುತ್ತದೆ, ‘ಬಿ’ಯೂ ಹೋಗುತ್ತದೆ. ಉಳಿಯುವ ಸಮೀಕರಣದಲ್ಲಿ 3, 1, 8 ಅನ್ನುವ ಬರೀ ಅಂಕೆಗಳು. ಆರ್ಗಾನ್, ಆಮ್ಲಜನಕ, ಮೀಥೇನ್ ಯಾವುದೇ ಆಗಲಿ, ಎಲ್ಲಕ್ಕೂ ಒಂದೇ ನಕ್ಷೆ. ಲೆಕ್ಕ ಪೂರ್ತಿ ಕರಾರುವಾಕ್ ಏನಲ್ಲ. ಕ್ರಿಟಿಕಲ್ ಪಾಯಿಂಟಿನಲ್ಲಿ ಕಂಪ್ರೆಸಿಬಿಲಿಟಿ 0.375 ಇರಬೇಕು ಅನ್ನುತ್ತದೆ ಸಮೀಕರಣ, ಆರ್ಗಾನ್ ಥರದವಕ್ಕೆ ನಿಜವಾಗಿ ಸಿಗುವುದು 0.29. ಆದರೆ ಬೇರೆ ಬೇರೆ ವಸ್ತುಗಳೂ ಹೆಚ್ಚುಕಡಿಮೆ ಒಂದೇ ಥರ ತಪ್ಪುತ್ತವೆ ಅನ್ನುವುದೇ ವಿಶೇಷ. ಥರ್ಮೊಡೈನಾಮಿಕ್ಸ್ ಪರೀಕ್ಷೆಯಲ್ಲಿ ಡೇಟಾ ಹ್ಯಾಂಡ್‌ಬುಕ್ ತೆಗೆದು ಕಂಪ್ರೆಸಿಬಿಲಿಟಿ ಚಾರ್ಟಿನ ಮೇಲೆ ಸ್ಕೇಲ್ ಇಟ್ಟು ಬೆಲೆ ಓದುತ್ತೀವಲ್ಲ, ಅದರ ಬೇರು ಇಲ್ಲಿದೆ.

ಮರುವರ್ಷ, 1881ರಲ್ಲಿ, ಆನ್ನಾ ಕ್ಷಯರೋಗದಿಂದ ತೀರಿಕೊಂಡರು. ಅವರಿಗೆ ಮೂವತ್ತನಾಲ್ಕು. ಮೂರು ಹೆಣ್ಣುಮಕ್ಕಳು, ಒಬ್ಬ ಮಗ. ವಾಂಡರ್ ವಾಲ್ಸ್ ಮತ್ತೆ ಮದುವೆಯಾಗಲಿಲ್ಲ. ಸುಮಾರು ಹತ್ತು ವರ್ಷ ಹೇಳಿಕೊಳ್ಳುವಂಥ ಏನನ್ನೂ ಪ್ರಕಟಿಸಲೂ ಇಲ್ಲ. ನಲವತ್ತಮೂರರಿಂದ ಐವತ್ತಮೂರರ ತನಕ, ಕೈಯಲ್ಲಿ ಅಷ್ಟು ದೊಡ್ಡ ಸಿದ್ಧಾಂತ ಇಟ್ಟುಕೊಂಡು, ಪಾಠ ಮಾಡಿಕೊಂಡು, ಸುಮ್ಮನೆ. ಜೀವನಚರಿತ್ರೆಗಳಲ್ಲಿ ಇದು ಒಂದು ಸಾಲು. ಹಿರಿಯ ಮಗಳು ಮನೆ ನೋಡಿಕೊಂಡರು. ಇನ್ನೊಬ್ಬ ಮಗಳು ಜಾಕ್ವೆಲೀನ್ ಇತಿಹಾಸದ ಅಧ್ಯಾಪಕಿಯಾದರು, ಮುಂದೆ ಕವಯಿತ್ರಿಯಾಗಿ ಹೆಸರಾದರು. ಮಗನಿಗೂ ಅಪ್ಪನ ಹೆಸರೇ, ಅಪ್ಪನ ವಿಷಯವೇ. 1908ರಲ್ಲಿ ಅಪ್ಪನ ಜಾಗಕ್ಕೆ ಪ್ರೊಫೆಸರ್ ಆಗಿ ಬಂದದ್ದೂ ಅವರೇ.

1890ರ ಹೊತ್ತಿಗೆ ಮತ್ತೆ ಬರೆಯತೊಡಗಿದರು. ಮೊದಲು ಎರಡು ವಸ್ತುಗಳ ಮಿಶ್ರಣದ ಸಿದ್ಧಾಂತ. 1893ರಲ್ಲಿ ದ್ರವದ ಮೇಲ್ಮೈ ಕುರಿತ ಸಿದ್ಧಾಂತ. ದ್ರವ ಮುಗಿದು ಆವಿ ಶುರುವಾಗುವ ಜಾಗ ಚಾಕುವಿನಲ್ಲಿ ಕೊಯ್ದ ಹಾಗಿರುವುದಿಲ್ಲ, ಸಾಂದ್ರತೆ ಅಲ್ಲಿ ನಿಧಾನವಾಗಿ ಇಳಿಯುತ್ತದೆ ಅಂತ ತೋರಿಸಿದರು. ಇದನ್ನು ಜನ ಮರೆತೇಬಿಟ್ಟಿದ್ದರು. 1958ರಲ್ಲಿ ಕಾನ್ ಮತ್ತು ಹಿಲಿಯರ್ಡ್ ಇದೇ ವಿಚಾರಕ್ಕೆ ತಮ್ಮದೇ ದಾರಿಯಲ್ಲಿ ಬಂದರು. ಇವತ್ತು ಲೋಹ ಹೆಪ್ಪುಗಟ್ಟುವುದನ್ನು ಕಂಪ್ಯೂಟರಿನಲ್ಲಿ ತೋರಿಸುವ ಫೇಸ್ ಫೀಲ್ಡ್ ಸಿಮ್ಯುಲೇಶನ್ ನಿಂತಿರುವುದು ಇದೇ ವಿಚಾರದ ಮೇಲೆ.

ಅವರ ಸಿದ್ಧಾಂತದ ದೊಡ್ಡ ಪರೀಕ್ಷೆ ಅವರ ಹುಟ್ಟೂರಲ್ಲೇ ನಡೆಯಿತು. ಲೈಡನ್ನಿನ ಕಾಮರ್ಲಿಂಗ್ ಓನೆಸ್ ಹೀಲಿಯಂ ಅನ್ನು ದ್ರವ ಮಾಡಲು ಹೊರಟಿದ್ದರು. ಎಷ್ಟು ತಂಪು ಮಾಡಬೇಕು ಅಂತ ಗೊತ್ತಿಲ್ಲದೆ ಯಂತ್ರ ಕಟ್ಟುವುದು ಹೇಗೆ? ಸಾಧಿಸಬಹುದಾದ ಉಷ್ಣತೆಯಲ್ಲಿ ಹೀಲಿಯಂ ಹೇಗೆ ವರ್ತಿಸುತ್ತದೆ ಅಂತ ಅಳೆದು, ಅನುರೂಪ ನಿಯಮದಿಂದ ಕ್ರಿಟಿಕಲ್ ಉಷ್ಣತೆ ಐದಾರು ಕೆಲ್ವಿನ್ ಇರಬೇಕು ಅಂತ ಅಂದಾಜು ಮಾಡಿದರು. 1908ರ ಜುಲೈ 10ರಂದು ಹೀಲಿಯಂ ದ್ರವವಾಯಿತು. ನಿಜವಾದ ಬೆಲೆ 5.2 ಕೆಲ್ವಿನ್. ಎರಡು ವರ್ಷದ ಮೇಲೆ, 1910ರಲ್ಲಿ, ವಾಂಡರ್ ವಾಲ್ಸ್‌ಗೆ ನೊಬೆಲ್ ಬಂತು, ಪ್ರಬಂಧ ಮಂಡಿಸಿದ ಮೂವತ್ತೇಳು ವರ್ಷದ ನಂತರ. 1923ರ ಮಾರ್ಚ್ 8ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಅಣುಗಳು ಯಾಕೆ ಸೆಳೆಯುತ್ತವೆ ಅನ್ನುವುದಕ್ಕೆ ಕ್ವಾಂಟಂ ಉತ್ತರ ಫ್ರಿಟ್ಜ್ ಲಂಡನ್ ಕೊಟ್ಟದ್ದು 1930ರಲ್ಲಿ. ಅದನ್ನು ನೋಡಲು ಇವರಿರಲಿಲ್ಲ.

ಇನ್ನು ನಮ್ಮ ಸಿ-60ಗೆ ಬರೋಣ. ವಾಂಡರ್ ವಾಲ್ಸ್ ಸಮೀಕರಣದಲ್ಲಿ ಒಂದು ವಿಷಯ ಇಲ್ಲ, ಘನ. ಅದರ ಲೆಕ್ಕದಲ್ಲಿ ಅಣುಗಳಿಗೆ ಚೂರು ಸೆಳೆತ ಇದ್ದರೂ ಸಾಕು, ತಣ್ಣಗಾದಾಗ ದ್ರವ ಆಗಲೇಬೇಕು. ಘನದ ವಿಷಯ ತಿಳಿದದ್ದು ಕಂಪ್ಯೂಟರ್ ಬಂದ ಮೇಲೆ. 1953ರಲ್ಲಿ ಲಾಸ್ ಅಲಾಮೋಸಿನಲ್ಲಿ ಮೆಟ್ರೊಪೊಲಿಸ್ ಮತ್ತು ಸಂಗಡಿಗರು 224 ಬಿಲ್ಲೆಗಳನ್ನಿಟ್ಟುಕೊಂಡು ಮಾಂಟೆ ಕಾರ್ಲೊ ವಿಧಾನ ತೋರಿಸಿದರು. 1957ರಲ್ಲಿ ಆಲ್ಡರ್, ವೈನ್‌ರೈಟ್ ಗಟ್ಟಿ ಗೋಲಿಗಳು ಸೆಳೆತವೇ ಇಲ್ಲದೆ, ಬರೀ ಇಕ್ಕಟ್ಟಿನಿಂದ, ಹರಳಾಗುತ್ತವೆ ಅಂತ ಕಂಡರು. 1964ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್ 864 ಆರ್ಗಾನ್ ಪರಮಾಣುಗಳ ದ್ರವವನ್ನು ಕಂಪ್ಯೂಟರಿನೊಳಗೆ ಓಡಿಸಿದರು. ಅಂದರೆ ಹರಳಾಗಲು ಗಾತ್ರ ಸಾಕು, ದ್ರವವಾಗಲು ಸೆಳೆತ ಬೇಕು. ಆ ಸೆಳೆತ ಎಷ್ಟು ದೂರ ತಲುಪಬೇಕು?

ಸಿ-60 ಆ ಪ್ರಶ್ನೆಯನ್ನು ಎದುರು ತಂದು ನಿಲ್ಲಿಸಿತು. 1985ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಕಂಡುಹಿಡಿದ ಅಣು ಇದು. 1990ರ ಹೊತ್ತಿಗೆ ಗ್ರಾಂಗಟ್ಟಲೆ ಸಿಗತೊಡಗಿತು. ಕಾರ್ಬನ್ ಚೌಕಟ್ಟಿನ ವ್ಯಾಸ ಸುಮಾರು 7 ಆಂಗ್‌ಸ್ಟ್ರಾಂ. ಹರಳಿನಲ್ಲಿ ಪಕ್ಕಪಕ್ಕದ ಅಣುಗಳ ಕೇಂದ್ರಗಳ ನಡುವೆ ಸುಮಾರು 10. ಅಣು ದೊಡ್ಡದಾದರೂ ಸೆಳೆಯುವುದು ಅದರ ಮೈಮೇಲಿನ ಕಾರ್ಬನ್ ಪರಮಾಣುಗಳು. ಅವುಗಳ ಕೈ ಉದ್ದವಾಗಲಿಲ್ಲ. ಅಂಟುಂಡೆಗಳನ್ನು ನೆನೆಸಿಕೊಳ್ಳಿ. ದೊಡ್ಡ ಉಂಡೆ, ಮೇಲೆ ತೆಳುವಾದ ಬೆಲ್ಲದ ಪಾಕ. ತಾಕಿದರೆ ಭದ್ರವಾಗಿ ಅಂಟುತ್ತೆ, ಚೂರು ದೂರ ಇದ್ದರೆ ಪಕ್ಕದಲ್ಲಿ ಇನ್ನೊಂದು ಉಂಡೆ ಇದೆ ಅಂತಲೂ ಗೊತ್ತಾಗಲ್ಲ. ದ್ರವದಲ್ಲಿ ಅಣುಗಳು ಸ್ವಲ್ಪ ಸಡಿಲವಾಗಿ ಓಡಾಡಿಕೊಂಡೂ ಒಂದರ ಸೆಳೆತದಲ್ಲೊಂದು ಇರಬೇಕು. ಇಲ್ಲಿ ಸಡಿಲವಾದರೆ ಸೆಳೆತವೇ ಇಲ್ಲ. ಒತ್ತಾಗಿ ಕೂತು ಹರಳಾಗು, ಇಲ್ಲವೇ ಬಿಟ್ಟು ಆವಿಯಾಗು.

ಸಿ-60 ಅಣುಗಳ ನಡುವಿನ ಸೆಳೆತಕ್ಕೆ ಗಿರಿಫಾಲ್ಕೊ 1992ರಲ್ಲಿ ಒಂದು ಸೂತ್ರ ಕೊಟ್ಟಿದ್ದರು. ಅರವತ್ತು ಪರಮಾಣುಗಳನ್ನು ಗೋಳದ ಮೈಮೇಲೆ ಸಮನಾಗಿ ಹರಡಿ ಲೆಕ್ಕ ಹಾಕಿದ್ದು. 1993ರಲ್ಲಿ ಎರಡು ಗುಂಪು ಅದೇ ಸೂತ್ರ ಹಿಡಿದು ಸಿಮ್ಯುಲೇಶನ್ ಮಾಡಿದವು. ಡಾನ್ ಫ್ರೆಂಕೆಲ್, ಲೆಕರ್ಕರ್ಕರ್ ಮತ್ತು ಜೊತೆಗಾರರು ದ್ರವ ಸ್ಥಿತಿ ಇಲ್ಲ ಅಂದರು. ಕ್ರಿಟಿಕಲ್ ಪಾಯಿಂಟ್ ಇದೆ, ಆದರೆ ಅದು ಘನ-ಆವಿ ಗೆರೆಯ ಕೆಳಗೆ ಹೂತುಹೋಗಿದೆ. ಚೆಂಗ್, ಕ್ಲೈನ್, ಕಕ್ಕಾಮೊ ಇದೆ ಅಂದರು, 1900 ಕೆಲ್ವಿನ್ ಆಸುಪಾಸು, ಕಿರಿದಾದ ಒಂದು ಕಿಂಡಿಯಷ್ಟು. ಆಮೇಲೆ ಬಂದ ಹೆಚ್ಚು ಸೂಕ್ಷ್ಮ ಲೆಕ್ಕಗಳು ಈ ಸೂತ್ರದ ಮಟ್ಟಿಗೆ ಕಿರಿದಾದ ಕಿಂಡಿ ಇದೆ ಅನ್ನುವ ಕಡೆಗೇ ವಾಲಿದವು. ಸೂತ್ರ ಬದಲಾಯಿಸಿದರೆ ಕಿಂಡಿಯ ಅಗಲವೂ ಬದಲಾಗುತ್ತದೆ. ಲ್ಯಾಬಿನಲ್ಲಿ ಘನ ಸಿ-60 ಕಾಯಿಸಿದರೆ ಅದು ಆ ಉಷ್ಣತೆಗೆ ಹೋಗುವ ಎಷ್ಟೋ ಮೊದಲೇ ಆವಿಯಾಗಿ ಹೋಗಿರುತ್ತದೆ. ಡಬ್ಬಿಯಲ್ಲಿ ಕರ್ಪೂರ ಆರಿಹೋಗದಿರಲಿ ಅಂತ ಅಜ್ಜಿ ನಾಲ್ಕು ಕಾಳುಮೆಣಸು ಹಾಕಿಡುತ್ತಿದ್ದರು. ಇದಕ್ಕೆ ಆ ಉಪಾಯವೂ ನಡೆಯಲ್ಲ.

ಫ್ರೆಂಕೆಲ್ ಆಗ ಕೆಲಸ ಮಾಡುತ್ತಿದ್ದದ್ದು ಆಮ್‌ಸ್ಟರ್‌ಡ್ಯಾಮಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ. ವಾಂಡರ್ ವಾಲ್ಸ್ ತೀರಿಕೊಂಡು ಸರಿಯಾಗಿ ಎಪ್ಪತ್ತು ವರ್ಷವಾಗಿತ್ತು, ಅದೇ ಊರು. ನಮ್ಮ ಪ್ರಾಜೆಕ್ಟಿನ 256 ಅಣುಗಳು ಈಗ ಲ್ಯಾಬಿನ ಮೂಲೆಯ ಕಂಪ್ಯೂಟರಿನಲ್ಲಿ ಓಡುತ್ತಿವೆ. ನಿನ್ನೆ ರಾತ್ರಿ ನೋಡಿದಾಗ 1850 ಕೆಲ್ವಿನ್‌ನಲ್ಲಿ ಹರಳು ಇನ್ನೂ ಹರಳಾಗೇ ಇತ್ತು. ಇಷ್ಟು ಕಡಿಮೆ ಅಣುಗಳಿಟ್ಟುಕೊಂಡು ಏನೂ ಖಚಿತವಾಗಿ ಹೇಳಬೇಡಿ ಅಂತ ಗೈಡ್ ಹೇಳಿದ್ದಾರೆ. ಇವತ್ತು ರಾತ್ರಿ 1900ಕ್ಕೆ ಏರಿಸುತ್ತೇವೆ.